ದಂಟಿಲ್ಲದ ಅಣಬೆಗಳು

ಅಕ್ಟೋಬರ್ 7, ಸೋಮವಾರ

ಒಟಾಕರನ ಚೀಲವನ್ನು ಕಸದ ಡಬ್ಬಿಗೆ ಸುರಿದೆ. ಜನ ಕಾಡಿನಿಂದ ತಂದ ಅಣಬೆಗಳನ್ನು ನಾನು ಗ್ರಂಥಾಲಯದಲ್ಲಿ ಕೂತು ಗುರುತಿಸಿಕೊಡುವ ದಿನ. ಯಥಾಪ್ರಕಾರ ಲೋಳೆ, ಹುಳು, ಬೆವರಿದ ಪ್ಲಾಸ್ಟಿಕ್... ಪಕ್ಕದ ಮನೆಯವನೂ ಇದನ್ನೇ ತರಬೇಕೆ? ಕೊಳೆತ ಮರದ ಬುಡದ ಪುಟ್ಟ ಕಂದು ಅಣಬೆ. ಬರೀ ಕೊಡೆಗಳು.

"ದಂಟೆಲ್ಲಿ?"

"ನಾರು ಮಾರಾಯ, ಯಾರು ತಿಂತಾರೆ? ನಮ್ಮಜ್ಜಿ ಕಾಲದಿಂದ ಕಾಡಲ್ಲೇ ಕತ್ತರಿಸಿ ಬಿಸಾಕೋದು."

ದಂಟಿನ ಮೇಲೆ ಹುರುಪೆಯಿದ್ದರೆ ಸೂಪಿಗೆ ಒಳ್ಳೆಯದು. ಬೆಳ್ಳಿ ಎಳೆಯಿದ್ದರೆ ಅದು ಬೇರೆ ಜಾತಿ, ಕೊಲ್ಲುತ್ತದೆ. ಕೊಡೆ ಎರಡಕ್ಕೂ ಒಂದೇ ಥರ. ಹೇಳಿದೆ. ನಕ್ಕ.

"ಮನೇಲಿ ಇನ್ನೊಂದು ಬುಟ್ಟಿ ಇದೆ. ಅದನ್ನ ನಿನ್ನ ಮೂಗಿಗೆ ತೋರಿಸಲ್ಲ."

"ಅದನ್ನೂ ಎಸಿ."

"ಆಯ್ತು ಇನ್ಸ್‌ಪೆಕ್ಟರೇ!"

ಅಕ್ಟೋಬರ್ 9, ಬುಧವಾರ

ಒಟಾಕರ್ ಆಸ್ಪತ್ರೆಯಲ್ಲಿ. ಫೋನ್ ಮಾಡಿದ್ದು ಅವನ ಹೆಂಡತಿ ಝ್ದಿಸ್ಲಾವಾ. ನಿನ್ನೆ ಸಂಜೆ ಆ ಬುಟ್ಟಿಯ ಸೂಪು. ಬೆಳಗಿನಿಂದ ವಾಂತಿ, ಭೇದಿ.

"ನೀವೂ ತಿಂದ್ರಾ?"

"ನಾನು ಅಣಬೆ ಬಾಯಿಗಿಡೋಳಲ್ಲ. ಬೇಯಿಸಿ ಹಾಕೋದಷ್ಟೇ ನನ್ನ ಹಣೆಬರಹ."

ಮಧ್ಯಾಹ್ನ ಆಸ್ಪತ್ರೆಯಿಂದ ಡಾಕ್ಟರ್ ಹವ್ರಾನ್ಕೋವಾ ಪರೀಕ್ಷಿಸಿಕೊಡಲು ನನಗೆ ವಾಂತಿಯ ಸೀಸೆ ಕಳಿಸಿದರು. ಸಬ್ಬಸಿಗೆ, ವಿನೆಗರ್, ಒಡೆದ ಕೆನೆ — ನಾನೂ ಇಷ್ಟಪಟ್ಟು ತಿನ್ನುವ ಸೂಪು. ಇನ್ನು ತಿನ್ನಲಾರೆ. ಕಿಟಕಿಗೆ ಹೋಗಿ ಉಸಿರು ಎಳೆದುಕೊಂಡು ಬಂದೆ. ಸೂಕ್ಷ್ಮದರ್ಶಕದಲ್ಲಿ ನಯವಾದ ಬೀಜಕಣಗಳೇ ಹೆಚ್ಚು, ತಿನ್ನುವ ಜಾತಿಯವು. ನಡುನಡುವೆ ತರಿತರಿಯಾದವು... ವಿಷದವು. ಡಾಕ್ಟರಿಗೆ ತಿಳಿಸಿದೆ.

ಅಕ್ಟೋಬರ್ 11, ಶುಕ್ರವಾರ

ವಾಂತಿ ನಿಂತಿದೆ. ಹೇಳಿದ್ದು ಒಟಾಕರನೇ, ಫೋನಿನಲ್ಲಿ. ನೋಡಲು ಹೋದೆ. ಮೀಸೆಗೆಲ್ಲ ಮೊಸರು ಮೆತ್ತಿಕೊಂಡು ಕೂತಿದ್ದ. ಅಸಹ್ಯವಾಯಿತು.

"ನೋಡು, ಬದುಕಿದೀನಿ! ಕೆಟ್ಟದ್ದೇನಿದ್ರೂ ಹೊರಗೆ ಹೋಯ್ತು. ನನ್ನದೇ ಜವಾಬ್ದಾರಿ ಅಂತ ಸಹಿ ಹಾಕಿ ಈಗ್ಲೇ ಮನೆಗೆ ಹೊರಡ್ತೀನಿ. ಭಾನುವಾರ ಕಾಡಿಗೆ."

ಝ್ದಿಸ್ಲಾವಾ ಬೂಟು ತಂದೇಬಿಟ್ಟಿದ್ದಳು.

ಡಾಕ್ಟರ್ ನನ್ನನ್ನು ಹೊರಗೆ ಕರೆದರು. "ಹೊಟ್ಟೆ ತಣ್ಣಗಾಗಿದೆ, ಯಕೃತ್ತು ಕೆಡ್ತಾ ಇದೆ. ನನ್ನ ಮಾತು ಕೇಳ್ತಿಲ್ಲ. ನೀವಾದ್ರೂ ಹೇಳಿ."

ಹೇಳಿದೆ: "ಇದು ಗುಣವಾಗಿರೋದಲ್ಲ ಒಟಾಕರ್. ಈ ವಿಷ ಹೀಗೇ, ನಡುವೆ ಒಂದು ದಿನ ಸುಮ್ಮನಿರುತ್ತೆ."

"ಯಾರೂ ನೆಮ್ಮದಿಯಾಗಿ ತಿನ್ನಬಾರದು ನಿನಗೆ, ಅಲ್ವಾ?"

ಝ್ದಿಸ್ಲಾವಾ ಬೂಟುಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. "ಬರಿಗಾಲಲ್ಲಿ ಹೋಗು ಹಂದಿ," ಎಂದಳು. ಅವನು ಹಾಸಿಗೆ ಬಿಟ್ಟೇಳಲಿಲ್ಲ.

ಅಕ್ಟೋಬರ್ 12, ಶನಿವಾರ

ಒಟಾಕರನ ಕಣ್ಣು ಹಳದಿ. ಹೇಳಿದ್ದು ಝ್ದಿಸ್ಲಾವಾ, ಅಳುತ್ತಾ. ನನ್ನ ಹೆಸರು ಹಿಡಿದು ಕೇಳಿದನಂತೆ. ಪ್ರಾಗಿನ ದೊಡ್ಡಾಸ್ಪತ್ರೆಗೆ ಸಾಗಿಸಿದ್ದಾರೆ. ಕೈ ಎಷ್ಟು ತೊಳೆದರೂ ಸಬ್ಬಸಿಗೆ ವಾಸನೆ...

ಯಕೃತ್ತಿನ ಕಸಿಯ ಪಟ್ಟಿಗೆ ಅವನ ಹೆಸರು ಸೇರಿಸಬೇಕೇ ಎಂಬುದನ್ನು ವೈದ್ಯರು ನಾಳೆ ಬೆಳಿಗ್ಗೆ ಎಂಟಕ್ಕೆ ಸೇರಿ ತೀರ್ಮಾನಿಸುತ್ತಾರೆ.