ಆರನೆಯ ಹಿಡಿ ಅಕ್ಕಿ

ಗಾಂಧಿನಗರ, ಬಳ್ಳಾರಿ
12 ನವೆಂಬರ್ 2025

ಪ್ರೀತಿಯ ತಂಗಿ ನೀಲಾವತಿಗೆ,

ಅಕ್ಕ ಪಾರಮ್ಮನ ಮುತ್ತುಗಳು. ಕರ್ತನ ದಯೆಯಿಂದ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಕಣ್ಣಿನ ಪೊರೆ ತೆಗೆದ ಡಾಕ್ಟರು ಓದಬೇಡ, ಬರೆಯಬೇಡ ಅಂದಿದ್ದರು. ಸಿಟ್ಟಾಗಬೇಡ. ಸಿರುಗುಪ್ಪದಿಂದ ನೀನು ಕಳಿಸಿದ ಹೊಸ ಅಕ್ಕಿ ಮುಟ್ಟಿತು. ಅನ್ನ ಸ್ವಲ್ಪ ಮೆತ್ತಗಾಗುತ್ತದೆ, ಆದರೆ ಕುದಿಯುವಾಗ ಮನೆಯೆಲ್ಲ ಗದ್ದೆಯ ವಾಸನೆ.

ಅವ್ವ ಕಲಿಸಿದ ಹಾಗೆ ಈಗಲೂ ಒಲೆ ಹಚ್ಚುವ ಮೊದಲು ತಲೆಗೊಂದು ಹಿಡಿ ಅಕ್ಕಿಯನ್ನು ದೇವರ ಗಡಿಗೆಗೆ ಹಾಕಿ ಹೆಸರು ಹೇಳುತ್ತೇನೆ. ಮಗ ಮಾರೇಶ, ಸೊಸೆ, ಮೊಮ್ಮಗಳು ಅರುಣಾ, ನೀನು, ನಿನ್ನ ಯಜಮಾನರು. ಚರ್ಚಿನಲ್ಲಿ ಸುಗ್ಗಿ ಸ್ತೋತ್ರದ ಭಾನುವಾರ ಗಡಿಗೆಯ ಜೊತೆ ಹೆಸರು ಬರೆದ ಪ್ರಾರ್ಥನೆಯನ್ನೂ ಸಭೆಗೆ ಒಯ್ಯಬೇಕಲ್ಲ, ಈ ಸಲ ಅರುಣಾ ಬರೆದುಕೊಡುತ್ತೇನೆಂದು ಕುಳಿತಳು.

"ಅಜ್ಜಿ, ಹೆಸರು ಐದು ಹೇಳ್ತಿ, ಹಿಡಿ ಆರು ಹಾಕ್ತಿ. ಆರನೇದು ಯಾರಿಗೆ?"

"ದೇವ್ರಿಗೆ ಗೊತ್ತೈತಿ. ನೀ ಸುಮ್ನ ಬರಿ."

ಅವಳು ಬರೆಯಲಿಲ್ಲ. ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐ ಅಂತ ಒಂದು ಇದೆ. ಹಿಡಿಗಳ ಲೆಕ್ಕದಂತೆ ನಮ್ಮ ಮನೆಯಲ್ಲಿ ಆರು ಮಂದಿ ಎಂದು ಹೇಳಿ, ಐದು ಹೆಸರು ಕೊಟ್ಟು, ಅದರ ಕೈಲಿ ಬರೆಸಿದಳು. ಸಂಜೆ ಮನೆಪ್ರಾರ್ಥನೆಯಲ್ಲಿ ಓದಿದಳು. ಎಲ್ಲರೂ ಕಣ್ಣು ಮುಚ್ಚಿದ್ದೆವು. ಕೊನೆಗೆ, "ನಮ್ಮ ಪ್ರಿಯ ಕೃಪಾವತಿಯನ್ನೂ ನಿನ್ನ ಕೈಗೆ ಒಪ್ಪಿಸಿದ್ದೇವೆ" ಎಂದು ಬಂತು. ಎಲ್ಲರ ಜೊತೆ ನಾನೂ ಆಮೆನ್ ಅಂದುಬಿಟ್ಟೆ.

ಮಾರೇಶ ಕಣ್ಣು ಬಿಟ್ಟು, "ಯಾರವ್ವಾ ಈ ಕೃಪಾವತಿ? ನನಗ ಗೊತ್ತಿಲ್ದಂಗ ಮನಿಯಾಗ ಬಂದು ಯಾವಾಗ ಕುಂತಳು?" ಅಂದ.

"ಆರು ಮಂದಿ ಅಂದಿದ್ದೆಲ್ಲಪ್ಪ, ನೀಲಾವತಿ ಜೋಡಿ ಹೊಂದಿಸಿ ಒಬ್ಬಾಕಿನ್ನ ತಾನ ಹುಟ್ಟಿಸೇತಿ," ಎಂದು ಅರುಣಾ ನಕ್ಕಳು. ಮತ್ತೆ ಫೋನನ್ನೇ ಕೇಳಿದಳು. ಕ್ಷಮಿಸಿ, ಆ ಹೆಸರನ್ನು ನೀವು ಕೊಟ್ಟಿರಲಿಲ್ಲ, ನಾನೇ ಊಹಿಸಿದೆ ಎಂದಿತಂತೆ. ಎಲ್ಲರೂ ನಕ್ಕರು. ನಾನು ಅಡುಗೆಮನೆಗೆ ಹೋದೆ.

ಆ ಹಿಡಿ ಯಾರದೆಂದು ನಿನಗೆ ಹೇಳಬೇಕಿಲ್ಲ. ಕುರುಗೋಡಿನಲ್ಲಿ ಅವ್ವನ ಮನೆಯಲ್ಲಿ ಹುಟ್ಟಿ, ಹೆಸರಿಡುವ ಮೊದಲೇ ಹೋದ ನನ್ನ ಚೊಚ್ಚಲ ಕೂಸು. ಆಗ ನನಗೆ ಎಚ್ಚರವಿರಲಿಲ್ಲ, ನೀನೂ ಅಪ್ಪನೂ ಒಯ್ದು ಮಣ್ಣು ಮಾಡಿ ಬಂದಿರಿ. ಆ ಮಾತು ಯಾರೂ ಎತ್ತಬಾರದೆಂದು ಅವ್ವ ಹೇಳಿದ್ದಳು. ನಲವತ್ತಾರು ವರ್ಷ ಹೆಸರಿಲ್ಲದೆಯೇ ಆ ಹಿಡಿ ಹಾಕಿದ್ದೇನೆ.

ಹೆಸರೊಂದು ಬಂದದ್ದೇ ತಡ, ನೀಲಾ, ಅದಕ್ಕೆ ಜಡೆ ಬಂತು, ನಡಿಗೆ ಬಂತು. ಮಧ್ಯಾಹ್ನ ಒಂದಿಷ್ಟು ಕಣ್ಣು ಹತ್ತಿದರೆ ಸಾಕು, ಕುರುಗೋಡಿನ ಬಂಡೆಗಳ ಮೇಲೆ ಒಬ್ಬಳು ಇಳಿದು ಬರುತ್ತಾಳೆ. ಮಡಿಲಲ್ಲಿ ಅಕ್ಕಿ. ಕೃಪಾವತಿ ಎಂದರೆ ನಿಲ್ಲುತ್ತಾಳೆ, ಮುಖ ಮಾತ್ರ ತಿರುಗಿಸುವುದಿಲ್ಲ. ಎದ್ದರೆ ಬಿಸಿಲು ಅಲ್ಲೇ, ಗಡಿಗೆ ಅಲ್ಲೇ.

ಹೆಸರು ಇಷ್ಟವಾಯಿತು, ಸುಳ್ಳು ಹೇಳಲಾರೆ. ಭಯವೂ ಇದೆ. ಪಾಪ, ಆ ಫೋನಿಗೆ ನಾವು ಹೇಳಿದ್ದಷ್ಟೇ ಗೊತ್ತು. ಖಾಲಿ ಕಂಡಲ್ಲಿ ತನಗೆ ತೋಚಿದ್ದನ್ನು ತುಂಬುತ್ತದೆ. ದೇವರು ಆ ಕೂಸನ್ನು ನನ್ನ ಹೊಟ್ಟೆಯೊಳಗಿದ್ದಾಗಲೇ ಕಂಡಿದ್ದಾನೆ. ಅವನು ಕರೆಯುವ ಹೆಸರು ಬೇರೆಯೇ ಇದ್ದರೆ? ಈ ತಿಂಗಳು ಮೂವತ್ತಕ್ಕೆ ಪಾಸ್ಟರಯ್ಯನವರು ಸಭೆಯ ಮುಂದೆ ಓದುತ್ತಾರೆ. ಹೊಡೆದು ಹಾಕಿದರೆ ಕೂಸಿಗೆ ಮತ್ತೆ ಹೆಸರಿಲ್ಲ. ಬಿಟ್ಟರೆ ಯಾರದೋ ಹೆಸರು. ನಿನ್ನ ಕಾಗದ ಬರುವ ತನಕ ಆ ಜಾಗ ಖಾಲಿ ಬಿಡು ಎಂದು ಅರುಣಾಗೆ ಹೇಳಿದ್ದೇನೆ.

ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಕರ್ತನು ನಿನ್ನ ಮನೆಯ ಒಲೆಯನ್ನೂ ನಿನ್ನವರ ಉಸಿರನ್ನೂ ಕಾಯಲಿ.

ನಿನ್ನ ಅಕ್ಕ
ಪಾರಮ್ಮ

ತಾ.ಕ.: ಎಚ್ಚರವಿರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಪ್ರಾರ್ಥನೆಯಲ್ಲೂ ಹಾಗೇ ಹೇಳುತ್ತ ಬಂದೆ. ಎಚ್ಚರವಿತ್ತು. ಲಂಗದ ಹುಡುಗಿ ನೀನು, ಬಟ್ಟೆಯಲ್ಲಿ ಸುತ್ತಿ ತಂದು, "ಅಕ್ಕ, ಒಂದ್ಸಲ ನೋಡಕ್ಕ" ಅಂದದ್ದು ಕೇಳಿಸಿತ್ತು. ನಾನು ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡೇ ಇದ್ದೆ. ನೀನು ಹೊಸ್ತಿಲ ತನಕ ಹೋಗಿ, ಮತ್ತೆ ತಿರುಗಿ ಬಂದು, ಸ್ವಲ್ಪ ಹೊತ್ತು ನಿಂತೆ. ಅದೂ ಗೊತ್ತು. ಹೆಣ್ಣೋ ಗಂಡೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಣ್ಣಿಗೆ ಒಯ್ಯುವಾಗ ದಾರಿಯಲ್ಲಿ ನೀನು ಅದನ್ನು ಏನಂತ ಕರೆದೆ, ಅಷ್ಟು ಬರೆ.