ಕಾರ್ಡಿನ ಕೊನೆಯ ನಾಲ್ಕು ನಂಬರ್

ಜೂನ್ 4, ಬುಧವಾರ

ಅಂಗಡಿಯಲ್ಲಿ ಪಾಯಿಂಟ್ಸ್ ಕೂಡಿಸುವ ಕಥೆ ಮೊದಲು ಹೇಳಿದವಳು ಅವ್ವ, ಹೋದ ಯುಗಾದಿಯಲ್ಲಿ. ಮಂಡ್ಯದ ಸೂಪರ್ ಮಾರ್ಕೆಟ್ಟಿನಲ್ಲಿ ನನ್ನ ಬ್ಯಾಂಕ್ ಕಾರ್ಡಿಗೆ ಅವಳ ಮೊಬೈಲ್ ನಂಬರ್ ಜೋಡಿಸಿದ್ದರು. ಪಾಯಿಂಟ್ಸಿಗೆ ಸ್ಟೀಲ್ ಡಬರಿ ಬಂತು. ಗುತ್ತಲಿನ ನಮ್ಮ ಬೀದಿಗೆಲ್ಲ ತೋರಿಸಿದ್ದಳು.

ಇವತ್ತು ಅದೇ ಅಂಗಡಿಯ ಮಳವಳ್ಳಿ ಬ್ರಾಂಚಿಗೆ ಹೋಗಿದ್ದೆ. ಅಕ್ಕಿ ಮೂಟೆ. ಮನೆಗೇ ತಂದುಕೊಡುತ್ತಾರೆ, ವಿಳಾಸ ಕೊಟ್ಟೆ. ಕ್ಯಾಶ್ ಸಾಲಲಿಲ್ಲ. ಕಾರ್ಡ್ ಕೊಟ್ಟೆ. ಬ್ಯಾಂಕಿನಲ್ಲಿ ಫೋನ್ ನಂಬರ್ ಬದಲಾಯಿಸಿದ್ದೇನಲ್ಲ, ಮೆಸೇಜ್ ಅವ್ವನ ಮನೆಗೆ ಹೋಗುವುದಿಲ್ಲ — ಆ ಧೈರ್ಯ.

ಬಿಲ್ ಹಾಕುವ ಶ್ವೇತ ಫೋನ್ ನಂಬರ್ ಕೇಳಿದಳು. ಬೇಡ ಅಂದೆ.

"ನೀವೇಳದೇ ಬ್ಯಾಡ ಅಕ್ಕ, ಕಾರ್ಡ್ ಇಕ್ಕುದ್ರೆ ಅದೇ ಬತ್ತದೆ. ಹೊಂಬಾಳಮ್ಮ ಅಂತ ಅಲ್ವಾ? ನೋಡಿ, ಬಿಲ್ಲು ವಾಟ್ಸಾಪಿಗೆ ಓಯ್ತು."

ಹೊಂಬಾಳಮ್ಮ ನಮ್ಮವ್ವ. ಅವಳ ಫೋನ್ ಸದಾ ನಮ್ಮಣ್ಣ ನಾಗರಾಜನ ಕೈಯಲ್ಲೇ.

ಅದೇ ದಿನ, ಸಂಜೆ

ಮದ್ದೂರಿನ ಕೆಲಸ ಮುಗಿಸಿ ಬಂದ ಅಶೋಕನಿಗೆ ಹೇಳಿದೆ. ಜಾತಿ ಬಿಟ್ಟು ಮದುವೆಯಾದೆವೆಂದು ಅಣ್ಣ ಇವನ ಊರು ಬೆಳಕವಾಡಿಗೆ ಹೋಗಿ ಮನೆಯ ಬಾಗಿಲು ಒದ್ದು ಬಂದಿದ್ದಾನೆ. ಇಬ್ಬರನ್ನೂ ಕೊಚ್ಚುತ್ತಾನಂತೆ. ಈ ಬಾಡಿಗೆ ಮನೆ ಮಾತ್ರ ಅವನಿಗೆ ಗೊತ್ತಿಲ್ಲ.

"ಬಿಲ್ಲಲ್ಲಿ ಮಳವಳ್ಳಿ ಅಂತಷ್ಟೇ ಇರ್ತದೆ ಕಣೆ ಗಗನ. ಮಳವಳ್ಳೀಲಿ ಇರೋದು ನಮ್ದೊಂದೇ ಮನೆನಾ?"

ನಕ್ಕ. ನಾನೂ ನಕ್ಕೆ.

ಜೂನ್ 6

ಅಂಗಡಿಯ ಮ್ಯಾನೇಜರ್ ಶಿವರಾಮು. ಅವ್ವನ ನಂಬರ್ ತೆಗೆಯಿರಿ ಅಂದೆ.

"ನಮ್ ಕೈಲಿಲ್ಲ ಕಣಮ್ಮ. ಎಡ್ ಆಪೀಸ್ನೋರೇ ತೆಗೀಬೇಕು."

"ಕಾರ್ಡಿನ ವಿವರ ಇಟ್ಕೊಬಾರ್ದು ಅಂತ ರೂಲ್ಸ್ ಇಲ್ವಾ ಸಾರ್?"

"ಪೂರ್ತಿ ಎಲ್ಲಿ ಮಡಿಕಂಡಿದ್ದೀವಿ? ಕೊನೆ ನಾಕು ನಂಬರ್ ಅಷ್ಟೇಯ. ಅದ್ಕೂ ನೀವು ಒಪ್ಪಿದ್ದೀರಿ."

"ಯಾವಾಗ ಒಪ್ಪಿದೆ?"

ಕಂಪ್ಯೂಟರ್ ನೋಡಿದ. "ಡಬರಿ ತಕಂಡಿದ್ದೀರಲ್ಲ."

ಜೂನ್ 11, ಸಂಜೆ ಆರು ದಾಟಿದೆ

ಎಣ್ಣೆ ತರಲು ಹೋದೆ. ಶ್ವೇತ ಕರೆದಳು.

"ಮದ್ಯಾನ ನಿಮ್ಮಣ್ಣ ಪೋನ್ ಮಾಡಿದ್ರು ಅಕ್ಕ. ಅಕ್ಕಿ ಸರಿಯಿಲ್ಲ, ವಾಪಸ್ ತರ್ತೀವಿ, ತಂಗಿ ಮನೆ ಎಲ್ಲಿ ಅಂದ್ರು."

"ಹೇಳಿದ್ಯಾ?"

"ಸುಮ್ಸುಮ್ನೆ ಏಳ್ತೀನಾ? ಕಾರ್ಡಿನ ಕೊನೆ ನಾಕು ನಂಬರ್ ಏಳಿ ಅಂದೆ. ಕರೆಕ್ಟಾಗಿ ಏಳುದ್ರು. ಆಮೇಲೇ ಅಡ್ರೆಸ್ ಕೊಟ್ಟೆ."

ಅದು ಬಿಲ್ಲಿನ ಮೇಲೇ ಅಚ್ಚಾಗಿರುತ್ತದೆ. ಪಾಪ, ಜಾಣತನ ಮಾಡಿದೆನೆಂಬ ಖುಷಿ ಅವಳಿಗೆ. ಮನೆಗೆ ಓಡಿ ಬಂದೆ.

ಮನೆ ಓನರ್ ಅಂಕಮ್ಮ ಜಗುಲಿಯಲ್ಲಿ ಕೂತಿದ್ದರು. "ನಿಮ್ಮಣ್ಣ ಬಂದಿದ್ದ ಕಣವ್ವ, ಕಾರಲ್ಲಿ. ಬಾವ ಮದ್ದೂರಿಂದ ಯಾವ ಬಸ್ಸಿಗೆ ಬತ್ತಾರೆ ಅಂದ. ಏಳು ಗಂಟೇದು ಅಂದೆ. ಬಸ್‌ಸ್ಟ್ಯಾಂಡಲ್ಲೇ ಕಾದು ಕರ್ಕಬತ್ತೀವಿ ಅಂತ ಓದ್ರು. ಜೊತೇಲಿ ಮೂರು ಜನ ಅವ್ರೆ. ಒಳ್ಳೆ ಮಾತಾಡ್ತಾನೆ ಬುಡು."

ಅಶೋಕನ ಫೋನ್ ಸ್ವಿಚ್ಡ್ ಆಫ್. ಮತ್ತೆ ಮಾಡಿದೆ. ಆಫ್.

ಪೊಲೀಸರಿಗೆ ಫೋನ್ ಮಾಡಿದೆ. ಬರುತ್ತೇವೆ, ನೀವು ಬಾಗಿಲು ಹಾಕಿಕೊಂಡು ಒಳಗಿರಿ ಅಂದರು. ನಾನು ಒಳಗಿದ್ದರೆ ಬಸ್ಸಿಳಿಯುವವನಿಗೆ ಹೇಳುವವರು ಯಾರು?

ಆಟೋ ಹಿಡಿದು ಮದ್ದೂರು ರಸ್ತೆಗೆ ಹೋಗುತ್ತೇನೆ. ಊರಾಚೆಯೇ ಬಸ್ಸಿಗೆ ಅಡ್ಡ ನಿಂತರೆ...

ವಾಪಸ್ ಬರದಿದ್ದರೆ ಯಾರಾದರೂ ನೋಡಲಿ ಎಂದು ಬರೆದಿಡುತ್ತಿದ್ದೇನೆ. ಅಣ್ಣನ ಕಾರು ಬಿಳಿ. ನಂಬರ್ ಕೆಎ ಹನ್ನೊಂದು, ಎಂ —