ತೊರಕೆಯ ಬಾಲ

ಕಾಪು ಪಡು,
೧೩ ಜುಲೈ ೨೦೨೫

ಪ್ರೀತಿಯ ಅಣ್ಣನಿಗೆ,

ದೀಕ್ಷಿತಾಳ ನಮಸ್ಕಾರ. ನಾವಿಲ್ಲಿ ಜೀವಂತ ಇದ್ದೇವೆ. ನೀನೂ ಅಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದುಕೊಂಡಿದ್ದೇನೆ. ಕಾಗದ ತಡವಾಯಿತೆಂದು ಸಿಟ್ಟಾಗಬೇಡ. ಬಲಗೈ ಬನ್ನಿನ ಹಾಗೆ ಊದಿಕೊಂಡು ಪೆನ್ನು ಹಿಡಿಯಲು ಬರುತ್ತಿರಲಿಲ್ಲ. ಜೈಲಿನವರು ಕಾಗದ ಒಡೆದು ಓದುತ್ತಾರೆ ಎಂದು ನೀನು ಹೇಳಿದ್ದೆ. ಓದಲಿ, ನಾನೇನೂ ಮುಚ್ಚಿಡುವುದಿಲ್ಲ.

ಕಳೆದ ಸಲ ಜಾಲರಿಯ ಆಚೆಗೆ ನೀನು, ಈಚೆಗೆ ನಾನು ನಿಂತು ಮಾತಾಡುವಾಗ ಹೇಳಿದ್ದೆನಲ್ಲ, ಹದಿನೆಂಟು ತುಂಬುವ ಮೊದಲು ಮೀನು ಕೊಯ್ಯಲು ಕಲಿಯುತ್ತೇನೆ, ಈಜು ಕಲಿಯುತ್ತೇನೆ, ಅಪ್ಪ ಕೂಗಿದರೆ ನಡುಗುವುದನ್ನು ಬಿಡುತ್ತೇನೆ ಎಂದು. "ಮೊದಲಿನ ಎರಡು ಆದೀತು" ಎಂದು ನೀನು ನಕ್ಕಿದ್ದೆ. ಆ ನಗು ನನ್ನ ಹೊಟ್ಟೆ ಎಷ್ಟು ಉರಿಸಿತು ಗೊತ್ತೇ?

ಮೀನಿನದು ಮೊದಲು ಹೇಳುತ್ತೇನೆ. ಅಪ್ಪ ತಿರುಚಿ ಮುರಿದ ಅಮ್ಮನ ಮಣಿಕಟ್ಟು ಇನ್ನೂ ನೆಟ್ಟಗಾಗಿಲ್ಲ. ಅದಕ್ಕೇ ನೀನು ಅಪ್ಪನ ಭುಜಕ್ಕೆ ಕತ್ತಿ ಹಾಕಿದ್ದು, ಅದಕ್ಕೇ ನೀನು ಒಳಗಿರುವುದು. ಆದರೆ ಮಾರ್ಕೆಟ್ಟಿಗೆ ಬರುವವರಿಗೆ ಅದೆಲ್ಲ ಬೇಡ, ಮೀನು ಕೊಯ್ದು ಕೊಡಬೇಕು. ಹಾಗಾಗಿ ಕಾಲೇಜಿಗೆ ರಜೆ ಇರುವ ದಿನ ಅಮ್ಮ ಮಾರುತ್ತಾರೆ, ನಾನು ಮೆಟ್ಟುಕತ್ತಿಯ ಮಣೆಯ ಮೇಲೆ ಕಾಲಿಟ್ಟು ಕೂರುತ್ತೇನೆ. ಪಕ್ಕದಲ್ಲಿ ಮೀನು ಮಾರುವ ಹರಿಣಾಕ್ಷಿ ಅಕ್ಕ ಹೇಳಿಕೊಡುತ್ತಾರೆ. ಮೊದಲ ದಿನ ಬಂಗುಡೆಯ ಕರುಳು ಬೆರಳಿಗೆ ಸುತ್ತಿಕೊಂಡಾಗ ಅಲ್ಲೇ ವಾಂತಿ ಮಾಡಿದೆ. "ಮೊಗವೀರರ ಹುಡುಗಿ ಅಂತ ಹೊರಗೆ ಹೇಳ್ಬೇಡ ಮಾರಾಯ್ತಿ" ಎಂದರು. ಆಮೇಲೆ ಅಭ್ಯಾಸವಾಯಿತು. ನಿಜ ಹೇಳುವುದಾದರೆ ಖುಷಿಯೂ ಆಗತೊಡಗಿತು. ತಲೆ ಕಡಿಯುವಾಗ ಬರುವ ಸದ್ದು ನನಗೆ ಹಿತವೆನಿಸುತ್ತದೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ಒಂದು ಭಾನುವಾರ ನಾಡದೋಣಿಯವರು ತಂದ ತೊರಕೆ ಮೀನು ನನ್ನ ಮುಂದೆ ಬಂತು. ತೊರಕೆಯ ಚಾಟಿಯಂಥ ಬಾಲವನ್ನು ಮೊದಲು ಕಡಿದು ಎಸೆಯಬೇಕು, ಅದರಲ್ಲಿ ವಿಷದ ಮುಳ್ಳು ಇರುತ್ತದೆ ಎಂದು ನಮ್ಮ ಕೇರಿಯ ಸಣ್ಣ ಮಕ್ಕಳಿಗೂ ಗೊತ್ತು. ನಾನು ಕಡಿಯಲಿಲ್ಲ. ದೃಷ್ಟಿ ತಾಗದಿರಲೆಂದು ಅಜ್ಜ ಒಣಗಿಸಿ ಬಾಗಿಲ ಹಿಂದೆ ನೇತುಹಾಕಿದ ಬಾಲ ನಿನಗೆ ನೆನಪಿರಬೇಕು; ನಿನ್ನ ಬೆನ್ನಿಗಂತೂ ನೆನಪಿರುತ್ತದೆ. ಅಪ್ಪ ಅದನ್ನು ಇಳಿಸುತ್ತಿದ್ದುದು ನಮಗೆ ಬಾರಿಸಲು ಮಾತ್ರ. ಅಂಥದೇ ಬಾಲ ಹಸಿಯಾಗಿ ಎದುರಿಗಿದ್ದಾಗ ಒಮ್ಮೆ ಬಿಗಿಯಾಗಿ ಹಿಡಿದು ನೋಡಬೇಕೆನಿಸಿತು. ಹಿಡಿದೆ, ಜಾರಿತು, ಮುಳ್ಳು ಅಂಗೈಯೊಳಗೆ ಹೋಗಿ ಮುರಿಯಿತು. ಹರಿಣಾಕ್ಷಿ ಅಕ್ಕ ವಿಷ ಇಳಿಯಲೆಂದು ಚಾದಂಗಡಿಯಿಂದ ಬಿಸಿನೀರು ತರಿಸಿ ನನ್ನ ಕೈ ಅದರಲ್ಲಿ ಒತ್ತಿ ಹಿಡಿದರು. ನೋವಿಗೆ ಅವರ ತೋಳು ಕಚ್ಚಿ ರಕ್ತ ಬರಿಸಿದೆ, ಪಾಪ.

ಮನೆಗೆ ಬಂದರೆ ಅಪ್ಪ. ಮಳೆಗಾಲದಲ್ಲಿ ದೊಡ್ಡ ಬೋಟು ಕಡಲಿಗಿಳಿಯುವ ಹಾಗಿಲ್ಲ, ಎರಡು ತಿಂಗಳೂ ಮನೆಯಲ್ಲೇ, ಬಾಟಲಿಯ ಜೊತೆ. ನನ್ನ ಕೈಯ ಬಟ್ಟೆ ಕಂಡದ್ದೇ "ಇವಳನ್ನು ಮಾರ್ಕೆಟ್ಟಲ್ಲಿ ಕೂರಿಸ್ಲಿಕ್ಕೆ ಯಾರು ಹೇಳಿದ್ದು ನಿನಗೆ?" ಎಂದು ಅಮ್ಮನ ಮೇಲೆ ಎರಗಿದರು. ಬಾಗಿಲ ಹಿಂದಿನ ಬಾಲ ಇಳಿಯಿತು. ಮೊದಲ ಏಟಿಗೇ ಅಮ್ಮನ ರವಿಕೆ ಬೆನ್ನಿನಲ್ಲಿ ಹರಿಯಿತು. ಇನ್ನೊಂದು ಬೀಳುವ ಮೊದಲು ನಾನು ಎಡಗೈಯಲ್ಲಿ ಬಾಲ ಹಿಡಿದು ಎಳೆದೆ. ನೀನು ಕಡಿದ ಭುಜದಲ್ಲಿ ಬಲವಿಲ್ಲ ಅಣ್ಣ, ಅಪ್ಪ ಮುಗ್ಗರಿಸಿ ಬಿದ್ದರು. ಆಮೇಲೆ ನಾನು ಹೊಡೆದೆ. ಮುಖಕ್ಕೆ, ಕುತ್ತಿಗೆಗೆ, ಹುಡುಕಿ ಹುಡುಕಿ ಆ ಭುಜಕ್ಕೇ. "ಸಾಕು ಮಗಾ, ಸಾಕು" ಎಂದು ಅಪ್ಪ ಅತ್ತರು. "ಬಿಡು ಅವರನ್ನು, ಸತ್ತು ಹೋಗ್ತಾರೆ" ಎಂದು ಅಮ್ಮ ನನ್ನ ಸೊಂಟ ಹಿಡಿದು ಎಳೆದರು. ಅಮ್ಮನನ್ನು ಮೊಣಕೈಯಿಂದ ತಳ್ಳಿದೆ. ಹೋಗಿ ಬಾಗಿಲಿಗೆ ಬಡಿದುಕೊಂಡರು. ಆದರೂ ನಾನು ನಿಲ್ಲಿಸಲಿಲ್ಲ. ಕೈ ಸೋತ ಮೇಲೆ ತಾನಾಗಿ ನಿಂತಿತು.

ಒಂದಿಷ್ಟೂ ನಡುಗಲಿಲ್ಲ ನಾನು. ನೀನು ನಗಾಡಿದ ಮೂರನೆಯದೂ ಆಯಿತು ನೋಡು. ಬಾಲವನ್ನು ಬಚ್ಚಲ ಒಲೆಗೆ ಹಾಕಿದೆ. ಕೂದಲು ಸುಟ್ಟ ಹಾಗೆ ನಾತ ಹೊಡೆಯಿತು. ಅಪ್ಪ ಈಗ ಮಲ್ಪೆಯಲ್ಲಿ ಕಟ್ಟಿಹಾಕಿರುವ ಬೋಟಿನಲ್ಲೇ ಮಲಗುತ್ತಾರಂತೆ. ಮನೆ ತಣ್ಣಗಿದೆ.

ಉಳಿದದ್ದು ಈಜು. ಕೆಮ್ಮಣ್ಣು ಊರಿನ ಚಿಕ್ಕಮ್ಮನ ಮಗಳು ತನ್ವಿ ಬೇಸಿಗೆಯಲ್ಲಿ ಹೊಳೆಗಿಳಿಸಿ ಕಲಿಸಿದಳು. ಕಲಿತಷ್ಟರಲ್ಲಿ ಮುಳುಗುವುದೊಂದು ಚೆನ್ನಾಗಿ ಬರುತ್ತದೆ. ಮಳೆ ಬಿಟ್ಟ ಮೇಲೆ ಮತ್ತೆ ಹೋಗಬೇಕು.

ನಿನ್ನ ಕೇಸಿನ ದಿನ ಅಮ್ಮ ಕೋರ್ಟಿಗೆ ಬಂದು ನಡೆದದ್ದನ್ನು ನಡೆದ ಹಾಗೆ ಹೇಳುತ್ತಾರಂತೆ. ಧೈರ್ಯವಾಗಿರು. ಬೊಬ್ಬರ್ಯ ದೈವ ನಿನ್ನ ಬೆನ್ನಿಗಿರಲಿ, ಬೇಗ ಮನೆ ಸೇರಿಸಲಿ.

ನಿನ್ನ ತಂಗಿ,
ದೀಕ್ಷಿತಾ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಆದರೆ ನಿನಗಲ್ಲದೆ ಯಾರಿಗೆ ಹೇಳಲಿ? ನಿನ್ನೆ ಅಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಅವರ ತಲೆಯ ಮೇಲಿನ ಹಲಗೆಯಿಂದ ಉಪ್ಪಿನ ಡಬ್ಬಿ ತೆಗೆಯಲು ನಾನು ಕೈ ಎತ್ತಿದೆ. ಅಮ್ಮ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಮೂಲೆಗೆ ಸರಿದರು. "ನಾನಮ್ಮ" ಎಂದೆ. "ಗೊತ್ತುಂಟು" ಎಂದರು. ಕೈ ತೆಗೆಯಲಿಲ್ಲ.